ರೊಟ್ಟಿ, ಚಟ್ನಿಪುಡಿ ಮಾರುವ ಗೆಳತಿಯರಿಗೆ

ಎಲ್ಲರಿಗೂ ನಮಸ್ಕಾರ. ಹಬ್ಬದ ಆರ್ಡರ್‌ಗಳು ಶುರುವಾಗಿವೆ, ಅದಕ್ಕೇ ಈ ಮಾತು.

ಈಗ ನಮ್ಮ ಅಂಗಡಿ ಅಂದ್ರೆ ಫೋನೇ ಅಲ್ವಾ? ಸ್ಟೇಟಸ್‌ಗೆ ನೀವೇ ತೆಗೆದ ಫೋಟೊ ಹಾಕಿ. ಬೆಳಗಿನ ಹೊತ್ತು ಕಿಟಕಿ ಪಕ್ಕ ಇಟ್ಟು ತೆಗೆದರೆ ಶೇಂಗಾ ಚಟ್ನಿಯ ಎಣ್ಣೆ ಹೊಳಪೂ ಕಾಣುತ್ತದೆ. ಕೆಳಗೆ ಬೆಲೆ, ತೂಕ, ಮಾಡಿದ ದಿನ ಬರೆಯಿರಿ. ಬೆಲೆ ಇಲ್ಲದಿದ್ದರೆ ಜನ ಸುಮ್ನೆ ಮುಂದೆ ಹೋಗುತ್ತಾರೆ. ಇನ್ನೊಂದು: ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್‌ನ (ಒಂದೇ ಸಲ ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಪಟ್ಟಿ) ಮೆಸೇಜ್, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಡಬ್ಬಿ ಕೊಡುವಾಗಲೇ "ನಂಬರ್ ಸೇವ್ ಮಾಡಿಕೊಳ್ಳಿ" ಅಂತ ಹೇಳಿಬಿಡಿ.

ಇನ್ನು ದುಡ್ಡಿನ ವಿಷಯ. ನನಗೆ ಜಾಸ್ತಿ ಚಿಂತೆ ಇದರದ್ದೇ. "ನಾನು ಮಿಲಿಟರಿಯವನು, ಇನ್ನೂರು ರೊಟ್ಟಿ ಬೇಕು, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂತ ಯಾರಾದರೂ ಅಂದರೆ ಅದು ಮೋಸ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಡ, ಸ್ಕ್ಯಾನ್ ಮಾಡುವುದೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುವುದು ನಿಮ್ಮ ಖಾತೆಯಿಂದಲೇ. ಪೇಮೆಂಟ್ ಆಯ್ತು ಅಂತ ಸ್ಕ್ರೀನ್‌ಶಾಟ್ ಕಳಿಸಿದರೆ ಅದನ್ನೂ ನಂಬಬೇಡಿ. ಖಾತೆಗೆ ಬಂದಿದೆಯಾ ಅಂತ ಆ್ಯಪ್‌ನಲ್ಲಿ ನೋಡಿಯೇ ಪಾರ್ಸೆಲ್ ಕೊಡಿ. ಎದುರಿಗಿದ್ದವರು ಎಷ್ಟೇ ಅವಸರ ಮಾಡಲಿ, ನೀವು ಅವಸರ ಮಾಡಬೇಡಿ.

ದುಡ್ಡು ಹೋಗಿಬಿಟ್ಟರೆ ನಾಚಿಕೆ ಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ. ಮೆಸೇಜ್‌ಗಳನ್ನು ಅಳಿಸಬೇಡಿ, ದೂರು ಕೊಡುವಾಗ ಬೇಕಾಗುತ್ತವೆ.

ಮನೆಯಲ್ಲಿ ಫೋನ್ ಬಳಸುವ ಅತ್ತೆ, ಅಮ್ಮನಿಗೂ ಇದನ್ನು ಓದಿ ಹೇಳಿ.