ಒಬ್ಬ ಗುತ್ತಿಗೆದಾರನಿಗೆ ಹತ್ತು ಯಜಮಾನರು ಬೇಡ

ಮಾನ್ಯರೇ,

ಬೇಸಿಗೆ ರಜೆ ಬಂತೆಂದರೆ ನಮ್ಮ ಉಡುಪಿ ಕಡೆಯ ಹಳೆ ಶಾಲೆಗಳಲ್ಲಿ ದುರಸ್ತಿ ಶುರು. ಹಿಂದೆಯೇ ‘ಗುತ್ತಿಗೆದಾರ ಕೈಕೊಟ್ಟ’ ಎಂಬ ದೂರೂ ಶುರು. ಕೈಕೊಡುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ನಮ್ಮ ಕಮಿಟಿಗಳು ಅವರನ್ನು ಹೈರಾಣು ಮಾಡುವುದೂ ಕಮ್ಮಿ ಏನಲ್ಲ. ಬ್ರಹ್ಮಾವರ ಹತ್ತಿರದ ನಮ್ಮ ಕನ್ನಡ ಶಾಲೆಯ ಹಂಚಿನ ಮಾಡಿನ (ಛಾವಣಿಯ) ರಿಪೇರಿಯ ಉಸ್ತುವಾರಿ ನನ್ನ ತಲೆಗೆ ಬಿದ್ದಿತ್ತು. ಹಾಗಾಗಿ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ಆಗುವುದೆಂತ? ಬೆಳಿಗ್ಗೆ ಅಧ್ಯಕ್ಷರು ಬಂದು ಸ್ವಿಚ್ ಬೋರ್ಡ್ ಇಲ್ಲಿರಲಿ ಎನ್ನುತ್ತಾರೆ. ಮಧ್ಯಾಹ್ನ ಮಾಷ್ಟ್ರು ಅಲ್ಲಿ ಎನ್ನುತ್ತಾರೆ. ಸಂಜೆ ದಾನಿಗಳು ಬಂದು ಫ್ಯಾನ್ ಯಾಕೆ ಎರಡೇ ಎಂದು ಕೇಳುತ್ತಾರೆ. ಎಲೆಕ್ಟ್ರಿಷಿಯನ್ ಎಷ್ಟು ಸಲ ಗೋಡೆ ಕೊರೆಯಬೇಕು ಮಾರಾಯ್ರೆ? ಕೊನೆಗೆ ಬಿಲ್ಲಿನಲ್ಲಿ ‘ಎಕ್ಸ್‌ಟ್ರಾ’ ನೋಡಿ ಎಲ್ಲರೂ ಹೌಹಾರುತ್ತಾರೆ. ನಮ್ಮಲ್ಲಿ ಮುಖ್ಯೋಪಾಧ್ಯಾಯಿನಿ ಒಬ್ಬರೇ ಹೇಳುವುದು ಎಂದು ಮೊದಲೇ ಮಾಡಿಕೊಂಡೆವು. ಬದಲಾವಣೆ ಏನೇ ಇರಲಿ, ನೋಟ್ ಬುಕ್ಕಿನಲ್ಲಿ ರೇಟು ಸಮೇತ ಬರೆದು ಇಬ್ಬರ ಸಹಿ. ಕೆಲವು ಸದಸ್ಯರಿಗೆ ಮುನಿಸು ಬಂತು. ಬರಲಿ.

ಹಳೆ ಕಟ್ಟಡದ ಒಳಗುಟ್ಟು ಬಿಚ್ಚದೆ ಗೊತ್ತಾಗುವುದಿಲ್ಲ. ಹಂಚು ಇಳಿಸಿದರೆ ಗೋಡೆಯ ಮೇಲೆ ಕೂತ ಪಕ್ಕಾಸಿನ (ಮಾಡು ಹೊರುವ ಇಳಿಜಾರು ಮರದ) ತುದಿಗಳನ್ನೆಲ್ಲ ಗೆದ್ದಲು ತಿಂದಿತ್ತು. ಹೊಸ ಪಕ್ಕಾಸಿಗೆ ಅಡಿಗೆ ಇಷ್ಟು ಎಂದು ಮೊದಲೇ ಬರೆದುಕೊಂಡಿದ್ದರಿಂದ ಜಗಳವಾಗಲಿಲ್ಲ.

ಒಡಿಶಾದಿಂದ ಬಂದ ಮೇಸ್ತ್ರಿಯೊಬ್ಬನ ವಿಷಯ ಹೇಳಲೇಬೇಕು. ಕರಣೆಯ ಹಿಡಿಯಿಂದ ಗೋಡೆ ತಟ್ಟುತ್ತಾ ಹೋದ. ಕೆಲವು ಕಡೆ ಗಟ್ಟಿ ಶಬ್ದ, ಕೆಲವು ಕಡೆ ಡಬ ಡಬ. ಡಬ ಎಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿದ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಅದಕ್ಕೆ ಸುಣ್ಣದ ಗಾರೆ, ಅದರ ಮೇಲೆ ಹಿಂದೆ ಯಾರೋ ಬಳಿದ ಸಿಮೆಂಟ್. ಮುರಕಲ್ಲು ನೀರು ಹೀರುತ್ತದೆ, ಸಿಮೆಂಟ್ ಆ ತೇವವನ್ನು ಹೊರಗೆ ಬಿಡುವುದಿಲ್ಲ. ಸುತ್ತು ಹಾಕಿದಲ್ಲಿ ಕೆರೆದರೆ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು ಬಂತು. ಪುನಃ ಸುಣ್ಣವೇ ಹಾಕಿ ಎಂದ, ಅವನ ಹಿಂದಿಯಲ್ಲಿ. ನಮ್ಮ ಎಸ್ಟಿಮೇಟಿನಲ್ಲಿ ಇದ್ದದ್ದು ಸಿಮೆಂಟ್. ಅವನ ಮಾತು ಕೇಳಿದೆವು. ಸುಣ್ಣ ಒಣಗಲು ದಿನ ಜಾಸ್ತಿ ಹಿಡಿಯಿತು, ಅಷ್ಟೇ. ‘ಹೊರಗಿನವರಿಗೆ ನಮ್ಮ ಕಟ್ಟಡದ ಬಗ್ಗೆ ಎಂತ ಗೊತ್ತು’ ಎನ್ನುವವರು ಸ್ವಲ್ಪ ಹತ್ತಿರ ನಿಂತು ನೋಡಬಹುದು, ಅಲ್ವಾ?

ಹಣ ಮಾತ್ರ ಹಂತ ಮುಗಿದ ಕೂಡಲೇ ಕೊಡಿ. ಶನಿವಾರದ ಬಟವಾಡೆ ತಪ್ಪಿದರೆ ಸೋಮವಾರ ಆಳುಗಳು ಬೇರೆ ಸೈಟಿನಲ್ಲಿರುತ್ತಾರೆ. ನೂರಕ್ಕೆ 10ರಷ್ಟನ್ನು ಮೊದಲ ಜೋರು ಮಳೆ ಕಳೆದ ಮೇಲೆ ಕೊಡುವುದೆಂದು ಕರಾರಿನಲ್ಲೇ ಬರೆದಿದ್ದೆವು. ಜೂನಿನಲ್ಲಿ ಒಂದು ಮೂಲೆ ಸೋರಿತು. ಫೋನ್ ಮಾಡಿದೆವು, ಮಳೆ ಬಿಟ್ಟ ಕೂಡಲೇ ಜನ ಕಳಿಸಿದರು. ಬಾಕಿ ಹಣವೂ ಅಂದೇ ಹೋಯಿತು.

ಈ ಸಲ ದುರಸ್ತಿಗೆ ಇಳಿಯುವ ಹಳೆ ವಿದ್ಯಾರ್ಥಿ ಸಂಘದವರು ಜನವರಿಯಲ್ಲೇ ಮಾತಾಡಿ ಇಟ್ಟುಕೊಳ್ಳಿ. ಎಪ್ರಿಲ್ ಬಂದರೆ ಮನೆ, ದೈವಸ್ಥಾನ, ಶಾಲೆ ಎಲ್ಲರಿಗೂ ಪತ್ತನಾಜೆಯ (ಮೇ ಕೊನೆಗೆ, ಮಳೆಗಾಲಕ್ಕೆ ಮೊದಲು ಬರುವ ತುಳುವರ ದಿನ) ಒಳಗೆ ಮಾಡು ಮುಗಿಯಬೇಕು. ಇರುವ ಮೇಸ್ತ್ರಿಗಳು ಅಷ್ಟೇ.

– ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ, ಬ್ರಹ್ಮಾವರ