ಲೆವೊಡೋಪಾ ಕಾಯ್ದಿಡುವ ಮಾತ್ರೆಯಲ್ಲ

ಮಾನ್ಯ ಸಂಪಾದಕರೇ,

ಎಪ್ಪತ್ತು ದಾಟಿದ ಹಿರಿಯರಿಗೆ ಪಾರ್ಕಿನ್ಸನ್ ಎಂದು ಗೊತ್ತಾಗಿ ಲೆವೊಡೋಪಾ ಬರೆದುಕೊಟ್ಟರೆ, ಜೊತೆಗೆ ಬಂದ ಮಕ್ಕಳು ಚೀಟಿ ನೋಡಿ ಕೇಳುವುದು ಒಂದೇ: ‘ಇಷ್ಟು ಬೇಗ ಬೇಕಾ ಡಾಕ್ಟ್ರೇ? ಐದು ವರ್ಷಕ್ಕೆ ಕೆಲಸ ಮಾಡೋದು ನಿಲ್ಲಿಸಿಬಿಡುತ್ತಂತಲ್ಲ?’ ಬೆಂಗಳೂರಿನಲ್ಲಿ ಈ ಭಯ ಎಷ್ಟು ಬೇರೂರಿದೆಯೆಂದರೆ ಕೆಲವು ವೈದ್ಯರೂ ಅದಕ್ಕೆ ಮಣಿಯುತ್ತಾರೆ. ವರ್ಷ ಕಳೆದಂತೆ ಒಂದು ಡೋಸ್‌ನ ಪರಿಣಾಮ ಬೇಗ ಇಳಿಯುವುದು ನಿಜ. ಲೆವೊಡೋಪಾ ಮಿದುಳಿನಲ್ಲಿ ಡೋಪಮೈನ್ ಆಗುತ್ತದೆ, ಅಂದರೆ ಚಲನೆಗೆ ಬೇಕಾದ ರಾಸಾಯನಿಕ. ಅದನ್ನು ಕೂಡಿಡುವ ಮಿದುಳಿನ ಕೋಶಗಳು ಕಾಯಿಲೆಯಿಂದ ನಶಿಸುವುದು ಪರಿಣಾಮ ಬೇಗ ಇಳಿಯಲು ಮುಖ್ಯ ಕಾರಣ. ಮಾತ್ರೆ ತಡವಾಗಿ ಶುರು ಮಾಡಿದರೆ ಕೋಶಗಳೇನೂ ಉಳಿಯುವುದಿಲ್ಲ. 1,620 ಹೊಸ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಬ್ರಿಟನ್ನಿನ ಪಿಡಿ ಮೆಡ್ ಅಧ್ಯಯನದಲ್ಲಿ (2014) ಬೇರೆ ಮಾತ್ರೆಗಳಿಂದ ಶುರು ಮಾಡಿದವರಿಗಿಂತ ಲೆವೊಡೋಪಾದಿಂದ ಶುರು ಮಾಡಿದವರ ಓಡಾಟವೇ ತುಸು ಚೆನ್ನಾಗಿತ್ತು.

ಲೆವೊಡೋಪಾವನ್ನು ಮುಂದಕ್ಕೆಂದು ಕಾಯ್ದಿಡುವ ಹಟದಲ್ಲಿ ಬದಲಿಗೆ ಕೊಡುವುದೇನು? ಟ್ರೈಹೆಕ್ಸಿಫೆನಿಡಿಲ್ ಅಗ್ಗ, ನಡುಕಕ್ಕೆ ಅಷ್ಟಿಷ್ಟು ಗುಣ. ಆದರೆ ವಯಸ್ಸಾದವರಲ್ಲಿ ಮರೆವು, ಗೊಂದಲ, ಮಲಬದ್ಧತೆ. ಪ್ರಾಸ್ಟೇಟ್ ಊದಿದ್ದರೆ ಮೂತ್ರವೇ ಕಟ್ಟಿಕೊಳ್ಳಬಹುದು. ಡೋಪಮೈನ್‌ನಂತೆ ವರ್ತಿಸುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ಗಳಿಂದ ಹಗಲಲ್ಲೇ ತಟ್ಟನೆ ನಿದ್ದೆ, ಕಾಲು ಊತ, ಇಲ್ಲದವರು ಕಾಣುವ ಭ್ರಮೆ. ಮೊಬೈಲ್‌ನಲ್ಲಿ ರಮ್ಮಿ ಆಡಿ ಪಿಂಚಣಿ ಕಳೆಯುವ ಚಟವೂ ಈ ಮಾತ್ರೆಯದಿರಬಹುದು. ಮನೆಯವರು ನಾಚಿಕೆಪಟ್ಟು ಹೇಳುವುದೇ ಇಲ್ಲ. ರಸಾಜಿಲಿನ್ ದಿನಕ್ಕೊಂದು, 1 ಮಿ.ಗ್ರಾಂ., ಹಿರಿಯರಿಗೆ ಒಗ್ಗುತ್ತದೆ. ಅದರೊಡನೆ ಟ್ರಮಡಾಲ್ ನೋವಿನ ಮಾತ್ರೆಯಾಗಲಿ ಡೆಕ್ಸ್‌ಟ್ರೋಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ ಆಗಲಿ ಕೂಡದು. ಅಂಗಿಯ ಗುಂಡಿ ಹಾಕಲು ಒದ್ದಾಡುವ ಹಂತ ಬಂದವರಿಗೆ ರಸಾಜಿಲಿನ್ ಒಂದೇ ಸಾಲದು.

ಇನ್ನು ಮೆಡಿಕಲ್ ಶಾಪ್‌ನಲ್ಲಿ ನಡೆಯುವ ಎಡವಟ್ಟು. ಲೆವೊಡೋಪಾ ಸ್ಟ್ರಿಪ್ ಮೇಲಿನ ಅಂಕಿ ನೋಡಿ. 110 ಎಂದರೆ ಲೆವೊಡೋಪಾ 100, ಕಾರ್ಬಿಡೋಪಾ ಬರೀ 10 ಮಿ.ಗ್ರಾಂ. 125 ಎಂದರೆ 100 ಮತ್ತು 25. ಲೆವೊಡೋಪಾ ಮಿದುಳು ತಲುಪುವ ಮೊದಲೇ ಡೋಪಮೈನ್ ಆಗಿ ವಾಂತಿ ತರಿಸದಂತೆ ತಡೆಯುವುದು ಈ ಕಾರ್ಬಿಡೋಪಾ. ಪೂರಾ ತಡೆಗೆ ದಿನಕ್ಕೆ 70–100 ಮಿ.ಗ್ರಾಂ. ಬೇಕು. 125ರ ಅರ್ಧ ಮಾತ್ರೆ ಮೂರು ಹೊತ್ತು, ವಾರದ ನಂತರ ಪೂರ್ತಿ ಮಾತ್ರೆ ಮೂರು ಹೊತ್ತು ಎಂದರೆ 75 ಆಯಿತು. ‘ಎಲ್ಲ ಒಂದೇ ಸಾರ್’ ಎಂದು 110 ಕೊಟ್ಟರೆ 30 ಮಾತ್ರ. ವಾಕರಿಕೆ ಶುರು. ಅದಕ್ಕೆ ವಾಂತಿ ತಡೆಯುವ ಮೆಟಾಕ್ಲೋಪ್ರಮೈಡ್ ತಂದರೆ ಡೋಪಮೈನ್‌ಗೇ ಅಡ್ಡಗಾಲು, ನಡಿಗೆ ಇನ್ನಷ್ಟು ಬಿಗಿ. ಬೇಕೇಬೇಕಿದ್ದರೆ ಇಸಿಜಿ ನೋಡಿ ಡೊಂಪೆರಿಡೋನ್. ಮೊದಮೊದಲು ಮಾತ್ರೆಯ ಜೊತೆ ಎರಡು ಬಿಸ್ಕತ್ತು ತಿಂದರಾಯಿತು, ಒಗ್ಗಿದ ಮೇಲೆ ಊಟಕ್ಕೆ ಅರ್ಧ ಗಂಟೆ ಮುಂಚೆ. ಕಬ್ಬಿಣಾಂಶದ ಮಾತ್ರೆ ಎರಡು ಗಂಟೆ ದೂರವಿರಲಿ. ಲೆವೊಡೋಪಾ ಬಿಪಿ ಇಳಿಸಬಹುದು. ಆದ್ದರಿಂದ ಮಲಗಿದ್ದಾಗಿನ ಬಿಪಿ, ಎದ್ದು ನಿಂತ 3 ನಿಮಿಷದ ಬಿಪಿ ಎರಡನ್ನೂ ಅಳೆಯಿರಿ; ಮೇಲಿನ ಅಂಕಿ 20 ಇಳಿದರೆ ಬೀಳುವ ಅಪಾಯವಿದೆ, ಬಿಪಿ ಮಾತ್ರೆಯನ್ನು ಮರುಪರಿಶೀಲಿಸಬೇಕು.

ಇಷ್ಟೆಲ್ಲಕ್ಕೂ ಮುಂಚೆ, ಅದು ಪಾರ್ಕಿನ್ಸನ್ನೇ ಹೌದಾ? ‘ಗ್ಯಾಸ್’ಗೆಂದು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುವ ಕೆಲವು ಕ್ಯಾಪ್ಸೂಲ್‌ಗಳಲ್ಲಿ ಆಮ್ಲ ತಗ್ಗಿಸುವ ರಾಬೆಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಸೇರಿರುತ್ತದೆ. ತಲೆಸುತ್ತಿಗೆಂದು ಸಿನ್ನರಿಜಿನ್ ತಿಂಗಳುಗಟ್ಟಲೆ ನಡೆದಿರುತ್ತದೆ. ಲೆವೊಸಲ್ಪಿರೈಡ್, ಸಿನ್ನರಿಜಿನ್ ಎರಡೂ ಥೇಟ್ ಪಾರ್ಕಿನ್ಸನ್‌ನಂತೆಯೇ ಕೈ ನಡುಗಿಸಿ, ಹೆಜ್ಜೆ ಕುಗ್ಗಿಸುತ್ತವೆ. ನಿಲ್ಲಿಸಿದರೂ ಸರಿಹೋಗಲು ತಿಂಗಳುಗಳೇ ಬೇಕಾಗಬಹುದು. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿ ಒಯ್ಯಿರಿ. ನಸುಗುನ್ನಿ ಪುಡಿಯ ಡಬ್ಬಿಯನ್ನೂ ಮರೆಯಬೇಡಿ, ಅದರಲ್ಲೂ ಲೆವೊಡೋಪಾ ಇದೆ. ಆದರೆ ಈ ಪತ್ರ ಓದಿ ಯಾವ ಪಾರ್ಕಿನ್ಸನ್ ಮಾತ್ರೆಯನ್ನೂ ತಟ್ಟನೆ ಬಿಡಬೇಡಿ.

– ನರರೋಗ ವೈದ್ಯರು, ಜಯನಗರ, ಬೆಂಗಳೂರು