ಮಳೆ ಹಿಡಿಯುವ ಮೊದಲು ಮನೆಮಂದಿ ಕೂತು ಮಾತಾಡಿ

ಪ್ರೀತಿಯ ಪೋಷಕರಿಗೆ ನಮಸ್ಕಾರ,

ಶಾಲೆ ಶುರುವಾಗಿದೆ, ಇನ್ನೇನು ಮಳೆಯೂ ಹಿಡಿಯುತ್ತದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಸುರಿಯುವ ಸೀಮೆ ನಮ್ಮದು. ಕಟ್ಟಿಗೆ ಒಟ್ಟುವುದು, ಹೆಂಚು ಕೈಯಾಡಿಸುವುದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಕೇಳಿಕೊಳ್ಳುವುದು ಇಷ್ಟೇ: ಅಪಾಯ ಬಂದರೆ ಎಲ್ಲಿಗೆ ಹೋಗುವುದು, ಯಾರು ಏನು ಮಾಡುವುದು ಅಂತ ಈಗಲೇ, ಮಕ್ಕಳನ್ನೂ ಕೂರಿಸಿಕೊಂಡು ತೀರ್ಮಾನ ಮಾಡಿ.

ಮೊದಲು ಮನೆ ಹಿಂದಿನ ಧರೆ ನೋಡಿ. ಗುಡ್ಡ ಕಡಿದು ಕಟ್ಟಿದ ಮನೆಗಳೇ ನಮ್ಮಲ್ಲಿ ಜಾಸ್ತಿ. ಎಷ್ಟೋ ಕಡೆ ಗೋಡೆಗೂ ಧರೆಗೂ ನಡುವೆ ಒಬ್ಬರು ಓಡಾಡುವಷ್ಟೇ ಜಾಗ. ಒಮ್ಮೆ ಧರೆ ಹತ್ತಿ ಮೇಲಿನಿಂದ ನೋಡಿ. ಗುಡ್ಡದ ನೀರು ಅಂಚಿಗೇ ಬರುತ್ತಿದ್ದರೆ ಚರಂಡಿ ಬಿಡಿಸಿ ಪಕ್ಕಕ್ಕೆ ತಿರುಗಿಸಿ. ನೆಲ ಬಿರುಕು ಬಿಟ್ಟಿದ್ದರೆ, ಮರ ವಾಲಿದ್ದರೆ, ಧರೆಯ ಬುಡದಲ್ಲಿ ಹೊಸದಾಗಿ ಜಲ ಒಸರಿದರೆ, ತಿಳಿಯಾಗಿದ್ದ ಜಲ ಇದ್ದಕ್ಕಿದ್ದಂತೆ ಕೆಂಪಗೆ ಬಂದರೆ, ಸುಮ್ನೆ ನೋಡುತ್ತಾ ಕೂರಬೇಡಿ, ಮನೆ ಬಿಡಿ. ಗ್ರಾಮ ಪಂಚಾಯ್ತಿಗೂ ತಿಳಿಸಿ.

ಹಿಂದಿನ ಕೋಣೆಯಲ್ಲಿ ಮಲಗುವ ಮಕ್ಕಳ ಹಾಸಿಗೆಯನ್ನು ಈ ಮಳೆಗಾಲ ಮುಗಿಯುವ ತನಕ ಜಗಲಿ ಕಡೆಗೆ ತನ್ನಿ. ಇದನ್ನು ಬೇಡಿಕೊಂಡೇ ಹೇಳುತ್ತಿದ್ದೇನೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ನಡುರಾತ್ರಿ ಕಳೆದಿತ್ತು, ಜನ ಮಲಗಿದ್ದರು. ಜೋರು ಮಳೆಯ ರಾತ್ರಿ ಅನುಮಾನ ಬಂದರೆ ಸಂಜೆಯೇ ನೆಂಟರ ಮನೆಗೋ ಅಕ್ಕಪಕ್ಕದವರಲ್ಲಿಗೋ ಹೋಗಿಬಿಡಿ. ಏನೂ ಆಗದಿದ್ದರೆ ಬೆಳಿಗ್ಗೆ ವಾಪಸ್ ಬಂದರಾಯಿತು, ಅದರಲ್ಲಿ ನಾಚಿಕೆ ಏನಿದೆ? ಅಜ್ಜ ಅಜ್ಜಿಯ ಕೈ ಹಿಡಿಯುವವರು ಯಾರು, ಕೊಟ್ಟಿಗೆಯ ದನಗಳ ಹಗ್ಗ ಬಿಚ್ಚುವವರು ಯಾರು, ಅದನ್ನೂ ಮೊದಲೇ ಮಾತಾಡಿಕೊಳ್ಳಿ.

ಪಡಿತರ ಚೀಟಿ, ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಗೆ ಸಿಗುವಲ್ಲಿಡಿ. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗ ಪೇಟೆಯ ಬಡಾವಣೆಗಳಿಗೇ ನುಗ್ಗಿದ್ದು ನೆನಪಿದೆ ಅಲ್ವಾ? ಅದೇ ಚೀಲದಲ್ಲಿ ಟಾರ್ಚ್, ದಿನಾ ತಗೊಳ್ಳುವ ಮಾತ್ರೆ, ಒಂದಿಷ್ಟು ಅವಲಕ್ಕಿ ಬೆಲ್ಲ ಇರಲಿ. ಕರೆಂಟು ಹೋದರೆ ನಮ್ಮಲ್ಲಿ ನೆಟ್‌ವರ್ಕೂ ಹೋಗುತ್ತದೆ, ಹಾಗಾಗಿ ಮುಖ್ಯ ನಂಬರುಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ತುರ್ತಿಗೆ 112, ಜಿಲ್ಲಾ ಸಹಾಯವಾಣಿ 1077.

ಗುಡುಗು ಕೇಳಿದರೆ ಗದ್ದೆ, ತೋಟದಿಂದ ಒಳಗೆ ಬನ್ನಿ. ಮರದಡಿ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆ ಹೊರಗೆ ಹೊರಡಿ.

ಹಳ್ಳ ದಾಟುವ ಕಾಲುಸಂಕದ ವಿಷಯದಲ್ಲಂತೂ ನನ್ನದು ಒಂದೇ ಮಾತು. ಹಳ್ಳ ಏರಿದ ದಿನ ಮಕ್ಕಳನ್ನು ಕಳಿಸಲೇಬೇಡಿ. ಪಾಠ ತಪ್ಪಿದರೆ ನಾವು ಮತ್ತೆ ಮಾಡುತ್ತೇವೆ, ಹಾಜರಿಯ ಚಿಂತೆ ನಿಮಗೆ ಬೇಡ. ಮಗು ಶಾಲೆಯಲ್ಲಿರುವಾಗ ನೀರು ಏರಿದರೆ ನೀವು ಬರುವವರೆಗೂ ನಾವು ಇಲ್ಲೇ ಇರುತ್ತೇವೆ. ಧಾವಂತದಲ್ಲಿ ಹಳ್ಳ ದಾಟಿ ಬರಬೇಡಿ.

ನೀವು ಬರಲಾಗದಿದ್ದರೆ ಮಗುವನ್ನು ಯಾರ ಜೊತೆ ಕಳಿಸಬೇಕು? ಅವರ ಹೆಸರು, ಫೋನ್ ನಂಬರ್ ಬರೆದು ಸೋಮವಾರ ಮಗುವಿನ ಕೈಯಲ್ಲಿ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ತೀರ್ಥಹಳ್ಳಿ ತಾಲ್ಲೂಕು